ಹದಿನೈದು ವರ್ಷ, ಐದು ‘ಹೌಸ್‌ಫುಲ್’: ಬೆಳೆದದ್ದು ಗಲ್ಲಾಪೆಟ್ಟಿಗೆಯೋ, ಖರ್ಚೋ?

2025ರ ಜೂನ್ 7, ಶನಿವಾರ, ಬಕ್ರೀದ್ ರಜೆ. ಬೆಂಗಳೂರಿನ ಒಂದು ಮಾಲ್‌ನ ಟಿಕೆಟ್ ಕೌಂಟರಿನಲ್ಲಿ ನನ್ನ ಮುಂದೆ ಐದು ಜನರ ಕುಟುಂಬವೊಂದು ನಿಂತಿತ್ತು. ಒಳಗಿದ್ದ ಹುಡುಗ ಕೇಳಿದ: “ಎ ಬೇಕಾ ಸಾರ್, ಬಿ ಬೇಕಾ?” ಯಜಮಾನರಿಗೆ ಅರ್ಥವಾಗಲಿಲ್ಲ. “ಎರಡೂ ಹೌಸ್‌ಫುಲ್ ಫೈವೇ ಸಾರ್. ಕೊನೇಲಿ ಕೊಲೆಗಾರ ಮಾತ್ರ ಬೇರೆ ಬೇರೆ.” ಅವರು ಯೋಚಿಸಲೂ ಹೋಗಲಿಲ್ಲ. “ಯಾವುದರಲ್ಲಿ ಐದು ಸೀಟು ಒಟ್ಟಿಗೆ ಸಿಗುತ್ತೋ ಅದನ್ನ ಕೊಡಪ್ಪ.”

ನಿರ್ಮಾಪಕರು ಆ ಎರಡು ಕ್ಲೈಮ್ಯಾಕ್ಸ್‌ಗಳ ಮೇಲೆ ಎಷ್ಟೊಂದು ಪ್ರಚಾರ ಮಾಡಿದ್ದರು! ‘ಹೌಸ್‌ಫುಲ್’ ಎಂಬ ಹಿಂದಿ ಹಾಸ್ಯ ಸರಣಿಯ ಐದನೆಯದು ಅದು. ಒಂದೇ ಚಿತ್ರ, 5ಎ ಮತ್ತು 5ಬಿ ಎಂಬ ಎರಡು ಆವೃತ್ತಿ, ಎರಡರಲ್ಲೂ ಹಂತಕ ಬೇರೆ. ಒಂದನ್ನು ನೋಡಿದವರು ಇನ್ನೊಂದಕ್ಕೂ ಬರುತ್ತಾರೆ ಎಂಬುದು ಲೆಕ್ಕಾಚಾರ. ಆದರೆ ಟಿಕೆಟ್ ಕೊಳ್ಳಲು ಬಂದವರಿಗೆ ಬೇಕಿದ್ದದ್ದು ರಜೆಯ ಮಧ್ಯಾಹ್ನ, ಎ.ಸಿ., ಅಕ್ಷಯ್ ಕುಮಾರ್ ಮತ್ತು ಪಕ್ಕಪಕ್ಕದ ಐದು ಕುರ್ಚಿ. ಕೊಲೆಗಾರ ಯಾರಾದರೇನು? ಈ ಸರಣಿ ಹದಿನೈದು ವರ್ಷದಿಂದ ಮಾರುತ್ತಿರುವುದು ಅಭ್ಯಾಸವನ್ನು. ಅಭ್ಯಾಸಕ್ಕೆ ಒಂದು ಅಳತೆಯಿದೆ, ಅದು ಸುಲಭಕ್ಕೆ ಹಿಗ್ಗುವುದಿಲ್ಲ, ಸುಲಭಕ್ಕೆ ಕುಗ್ಗುವುದೂ ಇಲ್ಲ. ಅಂಕಿಗಳನ್ನು ಬಿಡಿಸಿ ನೋಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಸಿನಿಮಾ ಗಳಿಕೆಗೆ ಎಲ್ಲರೂ ಒಪ್ಪುವ, ಲೆಕ್ಕಪರಿಶೋಧನೆಯಾಗಿ ಪ್ರಕಟವಾಗುವ ಅಂಕಿ ಎಂಬುದಿಲ್ಲ. ಟ್ರೇಡ್ ಜಾಲತಾಣಗಳು ಅಂದಾಜು ಕೊಡುತ್ತವೆ, ನಿರ್ಮಾಪಕರ ಪೋಸ್ಟರಿನಲ್ಲಿ ಅದೇ ಅಂಕಿ ಹತ್ತಿಪ್ಪತ್ತು ಕೋಟಿ ಮೇಲಿರುತ್ತದೆ. 2019ರಲ್ಲಿ ನಾಲ್ಕನೇ ಹೌಸ್‌ಫುಲ್ ಬಂದಾಗ ಗಳಿಕೆ ಉಬ್ಬಿಸಲಾಗಿದೆ ಎಂಬ ಆರೋಪವೇ ಎದ್ದಿತು. ಅಂತರರಾಷ್ಟ್ರೀಯ ಸ್ಟುಡಿಯೊ ಒಂದು ನಾಲ್ಕೈದು ಕೋಟಿಗಾಗಿ ಸುಳ್ಳು ಹೇಳುತ್ತದೆಯೇ ಎಂಬ ಧಾಟಿಯಲ್ಲಿ ಅಕ್ಷಯ್ ಕುಮಾರ್ ಅದನ್ನು ತಳ್ಳಿಹಾಕಿದರು. ಹಾಗಾಗಿ ಮುಂದಿನ ಅಂಕಿಗಳನ್ನೆಲ್ಲ ‘ಸುಮಾರು’ ಎಂದೇ ಓದಿಕೊಳ್ಳಿ. ನಾನು ಎಲ್ಲ ಕಡೆ ಬಳಸಿರುವುದು ಭಾರತದ ನೆಟ್, ಅಂದರೆ ತೆರಿಗೆ ಕಳೆದು ಉಳಿದದ್ದು.

ಮೊದಲ ‘ಹೌಸ್‌ಫುಲ್’ ಬಂದದ್ದು 2010ರ ಏಪ್ರಿಲ್ 30ಕ್ಕೆ. ಸಾಜಿದ್ ನಾಡಿಯಾಡ್‌ವಾಲಾ ನಿರ್ಮಾಣ, ಸಾಜಿದ್ ಖಾನ್ ನಿರ್ದೇಶನ. ಅದೃಷ್ಟಗೇಡಿ ನಾಯಕ, ಸುಳ್ಳಿನ ಮೇಲೆ ಸುಳ್ಳು, ಲಂಡನ್ನಿನ ದೊಡ್ಡ ಬಂಗಲೆ. ಗಳಿಕೆ ಸುಮಾರು 75 ಕೋಟಿ. 2012ರ ಏಪ್ರಿಲ್‌ನಲ್ಲಿ ಎರಡನೆಯದು, ನೂರು ಕೋಟಿ ದಾಟಿ 106ರ ಆಸುಪಾಸು ನಿಂತಿತು. 2016ರ ಜೂನ್‌ನಲ್ಲಿ ಮೂರನೆಯದು, 109 ಕೋಟಿ. 2019ರ ದೀಪಾವಳಿಗೆ ನಾಲ್ಕನೆಯದು, ಪುನರ್ಜನ್ಮದ ಕಥೆ, 194 ಕೋಟಿ. 2025ರ ಜೂನ್ 6ಕ್ಕೆ ಐದನೆಯದು, ಹಡಗಿನ ಮೇಲೆ ಕೊಲೆ ಮತ್ತು ಉಯಿಲಿನ ಗೊಂದಲ, 183 ಕೋಟಿ. ವಿದೇಶವೂ ಸೇರಿ ಐದನೆಯದರ ಒಟ್ಟು ಗ್ರಾಸ್, ಅಂದರೆ ತೆರಿಗೆ ಕಳೆಯುವ ಮುಂಚಿನ ಗಳಿಕೆ, 300 ಕೋಟಿಯ ಹತ್ತಿರ ಎಂದು ಹೇಳಲಾಯಿತು.

75ರಿಂದ 183ಕ್ಕೆ. ನೋಡಲು ಚೆನ್ನಾಗಿಯೇ ಇದೆ. ಆದರೆ ಈ ನಡುವೆ ದಿನಸಿ ಅಂಗಡಿಯ ಚೀಟಿಯೂ ಬೆಳೆದಿದೆಯಲ್ಲ. 2010ಕ್ಕೂ 2025ಕ್ಕೂ ನಡುವೆ ದೇಶದಲ್ಲಿ ಸಾಮಾನ್ಯ ಬೆಲೆಗಳು ಹೆಚ್ಚುಕಡಿಮೆ ಎರಡೂವರೆ ಪಟ್ಟಾಗಿವೆ. ಐದೂ ಚಿತ್ರಗಳ ಗಳಿಕೆಯನ್ನು 2010ರ ರೂಪಾಯಿಗೆ ಇಳಿಸಿ ಒಂದು ಒರಟು ಲೆಕ್ಕ ಹಾಕಿದೆ. ಮೊದಲನೆಯದು 75, ಎರಡನೆಯದು 88ರ ಹತ್ತಿರ, ಮೂರನೆಯದು 67, ನಾಲ್ಕನೆಯದು 100ಕ್ಕೆ ಒಂದೆರಡು ಜಾಸ್ತಿ, ಐದನೆಯದು ಮತ್ತೆ 75ರ ಸುತ್ತಮುತ್ತ. ಹದಿನೈದು ವರ್ಷದಲ್ಲಿ ಸುತ್ತಿ ಸುತ್ತಿ ಬಂದು ಹೊರಟಲ್ಲಿಗೇ ನಿಂತಿದೆ. ಈ ನಡುವೆ ಮಲ್ಟಿಪ್ಲೆಕ್ಸ್ ಪರದೆಗಳು ಹೆಚ್ಚಾಗಿವೆ, ಪರದೆಗೊಂದಕ್ಕೆ ಆಟಗಳು ಹೆಚ್ಚಾಗಿವೆ, ಜನಸಂಖ್ಯೆಯೂ ಏರಿದೆ. ಅದನ್ನೂ ಲೆಕ್ಕಕ್ಕೆ ತಂದರೆ ಈ ಸರಣಿಯ ಪ್ರೇಕ್ಷಕ ವರ್ಗ ಹಿಗ್ಗಿದೆ ಎಂದು ಹೇಳುವ ಧೈರ್ಯ ನನಗಂತೂ ಬರುವುದಿಲ್ಲ.

ಹಾಗೆಂದು ಕರಗಿಯೂ ಇಲ್ಲ. ಇದೇ ಕುತೂಹಲದ ಸಂಗತಿ, ಯಾಕೆಂದರೆ ಇದೇ ಅವಧಿಯಲ್ಲಿ ಅಕ್ಷಯ್ ಕುಮಾರ್ ಅವರ ಮಾರುಕಟ್ಟೆ ಮಾತ್ರ ಚೆನ್ನಾಗಿಯೇ ಕರಗಿತು. ಕೊರೋನಾ ನಂತರ ಅವರ ಚಿತ್ರಗಳು ಸಾಲಾಗಿ ಬಿದ್ದವು. 2024ರ ಜುಲೈನಲ್ಲಿ ಬಂದ ‘ಸರ್ಫಿರಾ’ ಮೊದಲ ದಿನ ತಂದದ್ದು ಎರಡೂವರೆ ಕೋಟಿ. ಮರುತಿಂಗಳು ‘ಖೇಲ್ ಖೇಲ್ ಮೇ’, ಅದು ಹಾಸ್ಯ ಚಿತ್ರವೇ, ಮೊದಲ ದಿನ ಐದು ಕೋಟಿ. ಅದರ ಎದುರಿಗೆ ‘ಸ್ತ್ರೀ 2’ ಎಂಬ ಬಿರುಗಾಳಿ ಇತ್ತು ಎಂಬ ರಿಯಾಯಿತಿ ಕೊಡೋಣ. ಆದರೂ ಹತ್ತು ತಿಂಗಳೊಳಗೆ ಅದೇ ನಟ, ಅದೇ ಜಾತಿಯ ನಗು, ‘ಹೌಸ್‌ಫುಲ್’ ಎಂಬ ಹೆಸರು ಅಂಟಿದ ಕೂಡಲೇ ಮೊದಲ ದಿನ 24 ಕೋಟಿ. ಐದಕ್ಕೂ ಇಪ್ಪತ್ತನಾಲ್ಕಕ್ಕೂ ನಡುವಿನ ಬಹುಪಾಲು ಆ ಹೆಸರಿನ ಬೆಲೆ ಎಂದುಕೊಳ್ಳಬಹುದು. ಹೆಸರು ಅಂದೆನೇ ಹೊರತು ತಂಡ ಅನ್ನಲಿಲ್ಲ. ಐದು ಚಿತ್ರಗಳಲ್ಲಿ ನಿರ್ದೇಶಕರು ಬದಲಾಗುತ್ತ ಬಂದಿದ್ದಾರೆ, ನಾಲ್ಕನೆಯದರಲ್ಲಂತೂ ಚಿತ್ರೀಕರಣದ ನಡುವೆಯೇ ಬದಲಾದರು. ನಾಯಕಿಯರು ಬದಲಾಗಿದ್ದಾರೆ, ಕಥೆಗೆ ಕಥೆ ಸಂಬಂಧವೇ ಇಲ್ಲ. ಐದರಲ್ಲೂ ಉಳಿದವರು ಅಕ್ಷಯ್, ರಿತೇಶ್ ದೇಶ್‌ಮುಖ್, ಮತ್ತೆ ‘ಆಖ್ರಿ ಪಾಸ್ತಾ’ ಆಗಿ ಬರುವ ಚಂಕಿ ಪಾಂಡೆ. ಜೊತೆಗೆ ನಿರ್ಮಾಪಕರು.

ಇನ್ನು ಮೊದಲ ಶುಕ್ರವಾರದ ಕಥೆ. ಗಾಂಧಿನಗರದಲ್ಲಿ ‘ಓಪನಿಂಗ್’ ಅನ್ನುತ್ತಾರಲ್ಲ, ಅದು. ಮೂರನೇ ಹೌಸ್‌ಫುಲ್ ಮೊದಲ ದಿನ ತಂದದ್ದು 15 ಕೋಟಿ ಚಿಲ್ಲರೆ, ಕೊನೆಗೆ 109. ಏಳು ಪಟ್ಟಿಗಿಂತ ತುಸು ಹೆಚ್ಚು. ಐದನೆಯದು 24ರಿಂದ ಶುರುವಾಗಿ 183ಕ್ಕೆ ಮುಗಿಯಿತು. ಏಳೂವರೆ ಪಟ್ಟು. ಒಂಬತ್ತು ವರ್ಷದ ಅಂತರ, ನಡುವೆ ಒಂದು ಮಹಾಮಾರಿ, ಒಟಿಟಿ ಎಂಬ ಹೊಸ ಲೋಕ, ಬೇರೆ ಬೇರೆ ನಿರ್ದೇಶಕರು, ಒಂದಕ್ಕಿಂತ ಒಂದು ಕಟುವಾದ ವಿಮರ್ಶೆಗಳು, ಇಷ್ಟಾದರೂ ಆ ಪಟ್ಟು ಮಾತ್ರ ಅಲ್ಲಾಡಿಲ್ಲ. ಪಕ್ಕದ ಮನೆಯ ‘ಗೋಲ್‌ಮಾಲ್’ ಸರಣಿಯನ್ನು ನೋಡಿ: 2006ರಲ್ಲಿ ಶುರುವಾದ ರೋಹಿತ್ ಶೆಟ್ಟಿ ಅವರ ಆ ಸರಣಿಯ ನಾಲ್ಕನೇ ಚಿತ್ರ 2017ರ ದೀಪಾವಳಿಗೆ 30 ಕೋಟಿಯ ಓಪನಿಂಗ್ ಪಡೆದು 205 ಕೋಟಿಯಲ್ಲಿ ನಿಂತಿತು. ಅದೂ ಏಳರ ಹತ್ತಿರವೇ.

ನಾಲ್ಕನೇ ಹೌಸ್‌ಫುಲ್ ಒಂದೇ ಈ ಸಾಲಿನಿಂದ ಹೊರಗಿದೆ. ಮೊದಲ ದಿನ 19 ಕೋಟಿ, ಒಟ್ಟು 194, ಹತ್ತು ಪಟ್ಟು. ಜನರಿಗೆ ತುಂಬ ಹಿಡಿಸಿತೆಂದು ಬೀಗುವ ಮೊದಲು ಪಂಚಾಂಗ ನೋಡಬೇಕು. ಆ ವರ್ಷ ದೀಪಾವಳಿಯ ಅಮಾವಾಸ್ಯೆ ಅಕ್ಟೋಬರ್ 27ರ ಭಾನುವಾರ ಬಂತು. ಉತ್ತರದ ಕಡೆ ಲಕ್ಷ್ಮೀಪೂಜೆಯ ಸಂಜೆ ಸಿನಿಮಾಕ್ಕೆ ಹೋಗುವವರು ಕಡಿಮೆ, ಆದ್ದರಿಂದ ಶುಕ್ರವಾರ, ಶನಿವಾರ, ಭಾನುವಾರ ಮೂರೂ ದಿನ ತಣ್ಣಗಿದ್ದವು. ಭಾನುವಾರ ಕೇವಲ 15 ಕೋಟಿ. ಮರುದಿನ ಸೋಮವಾರ, ನಮ್ಮ ಬಲಿಪಾಡ್ಯಮಿ, ಒಂದೇ ಏಟಿಗೆ 34 ಕೋಟಿ. ಭಾನುವಾರಕ್ಕಿಂತ ಸೋಮವಾರ ಎರಡು ಪಟ್ಟಾಗುವುದು ಸಿನಿಮಾ ವ್ಯಾಪಾರದಲ್ಲಿ ಹಬ್ಬ ಬಂದಾಗ ಬಿಟ್ಟರೆ ನೋಡಸಿಗದ ಚೋದ್ಯ. ಮಂಗಳವಾರ 24, ವಾರ ಮುಗಿಯುವಾಗ 141. ಇಲ್ಲಿ ಓಪನಿಂಗ್ ಅನ್ನಬೇಕಾದದ್ದು ನಿಜವಾಗಿ ಸೋಮವಾರವನ್ನೇ. ಆ ಲೆಕ್ಕ ಹಿಡಿದರೆ ಪಟ್ಟು ಆರಕ್ಕೂ ಕೆಳಗೆ ಇಳಿಯುತ್ತದೆ.

ಅಂದರೆ ಇಂಥ ಸರಣಿಯ ಭವಿಷ್ಯ ಬಿಡುಗಡೆಗೆ ಮುಂಚೆಯೇ ಬರೆದಾಗಿರುತ್ತದೆ. ಐದನೆಯದರಲ್ಲಿ ಮೊದಲ ಮೂರೇ ದಿನಕ್ಕೆ ಒಟ್ಟು ಗಳಿಕೆಯ ಅರ್ಧದ ಹತ್ತಿರ ಬಂದಿತ್ತು, ಮೊದಲ ವಾರಕ್ಕೆ ಸುಮಾರು ನೂರಕ್ಕೆ ಎಪ್ಪತ್ತು. ಮೂರನೆಯದರಲ್ಲೂ ಮೂರು ದಿನಕ್ಕೆ ಅರ್ಧವೇ: 109ರಲ್ಲಿ 53. ‘ಚೆನ್ನಾಗಿದೆಯಂತೆ’ ಎಂದು ಕೇಳಿ ಎರಡನೇ ವಾರ ಬರುವವರು ಕಡಿಮೆ. ‘ಚೆನ್ನಾಗಿಲ್ಲವಂತೆ’ ಎಂದು ಕೇಳಿ ಮೊದಲ ಶನಿವಾರ ಮನೆಯಲ್ಲೇ ಉಳಿಯುವವರೂ ಕಡಿಮೆ. ಈ ಚಿತ್ರಗಳ ವಿಮರ್ಶೆ ಬರೆಯುವ ನನ್ನಂಥವರಿಗೆ ಇದು ಸ್ವಲ್ಪ ಬೇಸರದ ಸತ್ಯ.

ಈ ಗುಣವನ್ನು ಎಲ್ಲರೂ ದೋಷವೆಂದೇ ಬರೆಯುತ್ತಾರೆ. “ವೀಕೆಂಡ್ ಸಿನಿಮಾ”, “ಸೋಮವಾರ ಬಿತ್ತು” ಎಂದು. ನಿರ್ಮಾಪಕರ ಕುರ್ಚಿಯಲ್ಲಿ ಕೂತು ನೋಡಿದರೆ ಚಿತ್ರ ಬೇರೆ. ಅದಕ್ಕೆ ಒಂದು ಟಿಕೆಟ್ಟನ್ನು ಬಿಡಿಸಿ ನೋಡಬೇಕು.

ಮಲ್ಟಿಪ್ಲೆಕ್ಸಿನಲ್ಲಿ ನೀವು 300 ರೂಪಾಯಿಯ ಟಿಕೆಟ್ ಕೊಂಡಿರಿ ಎನ್ನಿ. (ಆ್ಯಪ್‌ನವರು ಮೇಲೆ ಕೀಳುವ ಸೇವಾ ಶುಲ್ಕ ಬೇರೆ, ಅದು ಸಿನಿಮಾದವರ ಕಡೆ ಬರುವುದೇ ಇಲ್ಲ.) ನೂರು ರೂಪಾಯಿ ಮೀರಿದ ಟಿಕೆಟ್ಟಿಗೆ ಜಿಎಸ್‌ಟಿ ಶೇ 18. ಹಾಗಾಗಿ 46 ರೂಪಾಯಿ ಸರ್ಕಾರಕ್ಕೆ. ಉಳಿದ 254 ರೂಪಾಯಿಯೇ ‘ನೆಟ್’. ಪತ್ರಿಕೆಯಲ್ಲಿ ಬರುವ ಕೋಟಿಗಳು ಈ 254ರ ಮೊತ್ತ. ಅದರಲ್ಲಿ ಹಂಚಿಕೆದಾರನಿಗೆ ಎಷ್ಟು? 2009ರಲ್ಲಿ ಹಿಂದಿ ನಿರ್ಮಾಪಕರು ಮತ್ತು ಮಲ್ಟಿಪ್ಲೆಕ್ಸ್‌ನವರು ಹಂಚಿಕೆಯ ವಿಷಯಕ್ಕೆ ಜಗಳಕ್ಕೆ ಬಿದ್ದು ಎರಡು ತಿಂಗಳು ದೊಡ್ಡ ಹಿಂದಿ ಚಿತ್ರಗಳೇ ಬಿಡುಗಡೆಯಾಗಲಿಲ್ಲ, ನೆನಪಿರಬಹುದು. ಜೂನ್‌ನಲ್ಲಿ ಆದ ರಾಜಿಯ ಸೂತ್ರ ಹೀಗಿತ್ತು: ಮೊದಲ ವಾರ ನೆಟ್‌ನ ಶೇ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ನಿಮ್ಮ ಅದೇ ಟಿಕೆಟ್ ಮೊದಲ ವಾರದಲ್ಲಾದರೆ ಹಂಚಿಕೆದಾರನಿಗೆ 127 ರೂಪಾಯಿ ‘ಶೇರ್’ ತರುತ್ತದೆ, ನಾಲ್ಕನೇ ವಾರದಲ್ಲಾದರೆ 76 ರೂಪಾಯಿ. ನಮ್ಮ ರಾಜ್ಯದ ಒಂಟಿ ಪರದೆಗಳ ಬಾಡಿಗೆ ಪದ್ಧತಿ ಬೇರೆಯೇ ಒಂದು ರಾಮಾಯಣ, ಅದನ್ನು ಪರ್ಸೆಂಟೇಜ್‌ಗೆ ತನ್ನಿ ಎಂದು ಕನ್ನಡ ನಿರ್ಮಾಪಕರು ಕೇಳುತ್ತಲೇ ಬಂದಿದ್ದಾರೆ. ಇಲ್ಲಿ ಅದು ಬೇಡ.

ಈಗ ಈ ಸೂತ್ರವನ್ನು ಐದನೇ ಹೌಸ್‌ಫುಲ್‌ನ 183 ಕೋಟಿಗೆ ಹಚ್ಚಿ. ಮೊದಲ ವಾರದ 127 ಕೋಟಿಯಲ್ಲಿ ಅರ್ಧ, ಉಳಿದದ್ದರಲ್ಲಿ ಇಳಿಯುತ್ತ ಹೋಗುವ ಪಾಲು, ಒಟ್ಟು ಶೇರ್ 85 ಕೋಟಿಯ ಆಸುಪಾಸು. ಅದೇ 183 ಕೋಟಿ ‘ತುಂಬ ಒಳ್ಳೆಯ ಚಿತ್ರ’ವೊಂದಕ್ಕೆ ಬರುವಂತೆ ಐದು ವಾರ ಸಮಸಮವಾಗಿ ಬಂದಿದ್ದರೆ? ಶೇರ್ 70 ಕೋಟಿಯ ಒಳಗೇ ನಿಲ್ಲುತ್ತಿತ್ತು. ಗಲ್ಲಾಪೆಟ್ಟಿಗೆಗೆ ಬಿದ್ದ ಹಣ ಅಷ್ಟೇ, ಆದರೆ ಬೇಗ ಬಂದದ್ದಕ್ಕೆ ಹದಿನೈದು ಕೋಟಿ ಹೆಚ್ಚಿಗೆ ಕೈಗೆ. ಮೇಲಾಗಿ ಎಂಟು ವಾರ ಕಳೆದರೆ ಒಟಿಟಿ ಬಾಗಿಲು ತೆರೆಯುತ್ತದೆ; ಈ ಚಿತ್ರ ಆಗಸ್ಟ್ 1ಕ್ಕೆ, ಸರಿಯಾಗಿ 56ನೇ ದಿನಕ್ಕೆ, ಅಮೆಜಾನ್ ಪ್ರೈಮ್‌ಗೆ ಬಂತು. ಒಪ್ಪಂದಗಳೇ ಹೀಗಿರುವಾಗ ಮೊದಲ ಮೂರು ದಿನಕ್ಕೆ ಸರ್ವಸ್ವವನ್ನೂ ಸುರಿಯುವುದು ಮೂರ್ಖತನವೇನಲ್ಲ. ಎರಡು ಕ್ಲೈಮ್ಯಾಕ್ಸ್, ಹತ್ತೊಂಬತ್ತು ತಾರೆಯರ ಪೋಸ್ಟರ್, ಎಲ್ಲವೂ ಹೊರಟದ್ದು ಆ ಮೊದಲ ಶುಕ್ರವಾರಕ್ಕಾಗಿ.

ಹಾಗಿದ್ದರೆ ತೊಂದರೆ ಎಲ್ಲಿ? ಆ ಪೋಸ್ಟರಿನಲ್ಲೇ.

2010ರಲ್ಲಿ ಮೂವರು ನಾಯಕರು, ಮೂವರು ನಾಯಕಿಯರು, ಒಂದಿಷ್ಟು ಹಿರಿಯ ನಟರು. ಎರಡನೆಯದರಲ್ಲಿ ನಾಲ್ಕು ಜೋಡಿ, ಮೇಲೆ ರಿಷಿ ಕಪೂರ್ ಮತ್ತು ರಣಧೀರ್ ಕಪೂರ್ ಸಹೋದರರು, ಮಿಥುನ್ ಚಕ್ರವರ್ತಿ. ಐದನೆಯದಕ್ಕೆ ಬರುವಾಗ ಅಕ್ಷಯ್, ರಿತೇಶ್, ಅಭಿಷೇಕ್ ಬಚ್ಚನ್, ಸಂಜಯ್ ದತ್, ಜಾಕಿ ಶ್ರಾಫ್, ನಾನಾ ಪಾಟೇಕರ್, ಫರ್ದೀನ್ ಖಾನ್, ಶ್ರೇಯಸ್ ತಲ್ಪಡೆ, ಡಿನೋ ಮೋರಿಯಾ, ಜಾನಿ ಲಿವರ್... ಹಡಗು ಮುಳುಗದೆ ಇದ್ದದ್ದೇ ಪುಣ್ಯ. ಚಿತ್ರದ ವೆಚ್ಚ 200 ಕೋಟಿ ಮೀರಿದೆ ಎಂಬುದು ವ್ಯಾಪಾರ ವಲಯದ ಮಾತು. 225 ಎಂದವರೂ ಇದ್ದಾರೆ. ಅದು ಎಷ್ಟು ನಿಖರವೋ, ಆದರೆ ಅದರ ಹತ್ತಿರವಿದ್ದರೂ ಸಾಕು. ದೇಶದ ಚಿತ್ರಮಂದಿರಗಳಿಂದ 85 ಕೋಟಿ, ವಿದೇಶದಿಂದ ಒಂದಿಷ್ಟು, ಉಳಿದ ನೂರಕ್ಕೆ ಹತ್ತಿರದ ಮೊತ್ತವನ್ನು ಒಟಿಟಿ, ಟಿವಿ, ಹಾಡುಗಳ ಹಕ್ಕು ತುಂಬಬೇಕು. ‘183 ಕೋಟಿ ಗಳಿಸಿಯೂ ಗೆದ್ದಿತೋ ಇಲ್ಲವೋ’ ಎಂಬ ಚರ್ಚೆ ಆ ಜೂನ್ ಪೂರ್ತಿ ನಡೆದದ್ದು ಇದಕ್ಕೇ. ಪ್ರೇಕ್ಷಕರು 2010ರಷ್ಟೇ ಬಂದರು, ಅವರನ್ನು ಕರೆತರಲು ಆದ ಖರ್ಚು ಮಾತ್ರ 2010ರದ್ದಲ್ಲ.

ಯಾಕೆ ಹೀಗಾಗುತ್ತದೆಂದರೆ, ಸರಣಿಯ ಹೆಸರಿಗೆ ಬೆಲೆಯಿದೆ ಎಂಬುದು ನಿರ್ಮಾಪಕರಿಗೆ ಗೊತ್ತಿರುವಷ್ಟೇ ಚೆನ್ನಾಗಿ ನಟರಿಗೂ ಗೊತ್ತು. ಪ್ರತಿ ಭಾಗದೊಂದಿಗೆ ಸಂಭಾವನೆ ಏರುತ್ತದೆ. 2025ರ ಮೇ ತಿಂಗಳಲ್ಲಿ ಅಕ್ಷಯ್ ಅವರದೇ ಇನ್ನೊಂದು ಹಾಸ್ಯ ಸರಣಿ ‘ಹೇರಾ ಫೇರಿ’ಯ ಮೂರನೇ ಭಾಗದಿಂದ ಪರೇಶ್ ರಾವಲ್ ಹೊರಬಂದಾಗ ಅಕ್ಷಯ್ ಅವರ ನಿರ್ಮಾಣ ಸಂಸ್ಥೆ 25 ಕೋಟಿ ಪರಿಹಾರ ಕೇಳಿ ನೋಟಿಸ್ ಕಳಿಸಿತು. ಮುಂದಿನ ತಿಂಗಳೇ ಪರೇಶ್ ವಾಪಸ್ ಬಂದರು. ಅವರ ಬಾಬುರಾವ್ ಪಾತ್ರ ಇಲ್ಲದೆ ಆ ಹೆಸರಿಗೆ ಬೆಲೆಯಿಲ್ಲ ಎಂಬುದು ಜಗಳವಾಡುವ ಎರಡೂ ಕಡೆಯವರಿಗೆ ತಿಳಿದಿತ್ತು. ಮಜಾ ಏನೆಂದರೆ 2000ದಲ್ಲಿ ಬಂದಾಗ ‘ಹೇರಾ ಫೇರಿ’ ಗಲ್ಲಾಪೆಟ್ಟಿಗೆಯಲ್ಲಿ ಭಾರೀ ಏನೂ ಮಾಡಿರಲಿಲ್ಲ. ಟಿವಿಯಲ್ಲಿ ಮತ್ತೆ ಮತ್ತೆ ಬಂದು, ಆಮೇಲೆ ಮೊಬೈಲ್‌ಗಳಲ್ಲಿ ಮೀಮ್ ಆಗಿ, ಆ ಹೆಸರು ದುಬಾರಿಯಾಯಿತು. ಹಾಸ್ಯ ಸರಣಿಗಳ ಬೇರು ಇರುವುದು ಅಲ್ಲೇ, ಭಾನುವಾರ ಮಧ್ಯಾಹ್ನ ಊಟದ ನಂತರದ ಟಿವಿಯಲ್ಲಿ. ಚಿತ್ರಮಂದಿರದಲ್ಲಿ ಗುಂಪಾಗಿ ಕೂತು ನೋಡುವ ಅಭ್ಯಾಸ ಹುಟ್ಟಿದ್ದು ಮನೆಯ ಸೋಫಾ ಮೇಲೆ.

ಅಭ್ಯಾಸ ಮುರಿಯುವುದೂ ಉಂಟು. ‘ಮಸ್ತಿ’ ಸರಣಿಯ ಎರಡನೇ ಚಿತ್ರ 2013ರಲ್ಲಿ ನೂರು ಕೋಟಿ ಕಂಡಿತ್ತು. 2016ರಲ್ಲಿ ಮೂರನೆಯದು ಬಿಡುಗಡೆಗೆ ಮೊದಲೇ ಅಂತರಜಾಲದಲ್ಲಿ ಸೋರಿ, ಚಿತ್ರಮಂದಿರದಲ್ಲಿ ನೆಲಕಚ್ಚಿತು. ಒಂಬತ್ತು ವರ್ಷ ಬಿಟ್ಟು 2025ರ ನವೆಂಬರ್‌ನಲ್ಲಿ ನಾಲ್ಕನೆಯದನ್ನು ತಂದರು, ಅದೂ ಹಿಡಿಯಲಿಲ್ಲ. ಪೋಲಿ ಹಾಸ್ಯವನ್ನೇ ನಂಬಿದ ಸರಣಿಗೆ ಮೊಬೈಲ್ ಫೋನಿಗಿಂತ ದೊಡ್ಡ ಶತ್ರುವಿಲ್ಲ. ಕುಟುಂಬ ಸಮೇತ ಹೋಗುವ ಸರಣಿಗೆ ಇರುವ ರಕ್ಷಣೆ ಅದಕ್ಕಿಲ್ಲ. ಐದನೇ ಹೌಸ್‌ಫುಲ್‌ನಲ್ಲೂ ದ್ವಂದ್ವಾರ್ಥ ಮೊದಲಿಗಿಂತ ಜಾಸ್ತಿಯಾಯಿತೆಂದು ಹಲವರು ಗೊಣಗಿದರು, ಆ ಗೊಣಗಾಟವನ್ನು ನಾನಾಗಿದ್ದರೆ ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದೆ.

ದೀರ್ಘ ಕಾಲ ಬಾಳಿದ ಹಾಸ್ಯ ಸರಣಿಗಳನ್ನು ನೋಡಬೇಕೆಂದರೆ ಮುಂಬೈ ಬಿಟ್ಟು ಹೊರಗೆ ಹೋಗಬೇಕು. ಬ್ರಿಟನ್ನಿನ ‘ಕ್ಯಾರಿ ಆನ್’ ಸರಣಿ 1958ರಿಂದ 1978ರವರೆಗೆ ಇಪ್ಪತ್ತು ವರ್ಷದಲ್ಲಿ ಮೂವತ್ತು ಚಿತ್ರ ಹೆತ್ತಿತು. ನಿರ್ಮಾಪಕ ಪೀಟರ್ ರೋಜರ್ಸ್, ನಿರ್ದೇಶಕ ಜೆರಾಲ್ಡ್ ಥಾಮಸ್, ಲಂಡನ್ ಪಕ್ಕದ ಪೈನ್‌ವುಡ್ ಸ್ಟುಡಿಯೊ, ಆರೇಳು ವಾರದಲ್ಲಿ ಚಿತ್ರೀಕರಣ. ರೋಜರ್ಸ್ ಜುಗ್ಗತನಕ್ಕೆ ಹೆಸರಾದವರು. ಸಿಡ್ ಜೇಮ್ಸ್, ಕೆನೆತ್ ವಿಲಿಯಮ್ಸ್‌ರಂಥ ಮುಖ್ಯ ನಟರಿಗೆ ಚಿತ್ರಕ್ಕೆ 5,000 ಪೌಂಡ್. ಸರಣಿ ಎಷ್ಟೇ ಗೆದ್ದರೂ ಅದು ವರ್ಷಗಟ್ಟಲೆ ಏರಲಿಲ್ಲ. ಬ್ರಿಟಿಷ್ ಕಾಲದ ಭಾರತದ ಗಡಿಯ ಖೈಬರ್ ಕಣಿವೆ ಬೇಕಾದಾಗ ವೇಲ್ಸ್‌ನ ಗುಡ್ಡಕ್ಕೆ ಹೋಗಿ ಮುಗಿಸಿಕೊಂಡು ಬಂದರು. ನಟರು ಜೀವಮಾನವಿಡೀ ಗೊಣಗಿದರು, ಅದು ನ್ಯಾಯವೂ ಆಗಿತ್ತು. ಆದರೆ ಒಂದು ಚಿತ್ರ ಸೋತರೆ ಸಂಸ್ಥೆ ಮುಳುಗುತ್ತಿರಲಿಲ್ಲ, ಮುಂದಿನ ಚಿತ್ರ ಆಗಲೇ ತಯಾರಾಗುತ್ತಿತ್ತು. 1978ರಲ್ಲಿ ಪ್ರೇಕ್ಷಕರೇ ಕೈಬಿಟ್ಟಾಗ ನಿಂತಿತು. 1992ರಲ್ಲಿ ಮತ್ತೆ ಎಬ್ಬಿಸಲು ನೋಡಿದರು, ಏಳಲಿಲ್ಲ.

ಜಪಾನಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. ಪೆಟ್ಟಿಗೆ ಹಿಡಿದು ಊರೂರು ಅಲೆಯುವ ಬೀದಿ ವ್ಯಾಪಾರಿ ತೋರಾ-ಸಾನ್‌ನ ಕಥೆಗಳು: 1969ರಿಂದ 1995ರವರೆಗೆ 48 ಚಿತ್ರ, ಎಲ್ಲದರಲ್ಲೂ ಅದೇ ನಟ ಕಿಯೋಶಿ ಅತ್ಸುಮಿ, ಎರಡು ಬಿಟ್ಟು ಉಳಿದವಕ್ಕೆಲ್ಲ ಅದೇ ನಿರ್ದೇಶಕ ಯೋಜಿ ಯಮಾದಾ. ಅವನು ಊರಿಗೆ ಬರುತ್ತಾನೆ, ಮನೆಯವರೊಂದಿಗೆ ಜಗಳವಾಡುತ್ತಾನೆ, ಯಾರನ್ನೋ ಪ್ರೀತಿಸುತ್ತಾನೆ, ಅದು ಕೈಗೂಡದೆ ಮತ್ತೆ ಹೊರಡುತ್ತಾನೆ. ಪ್ರತಿ ಸಲವೂ ಇಷ್ಟೇ. ಮೊದಲ ಎರಡು ದಶಕ ವರ್ಷಕ್ಕೆ ಎರಡು ಬಾರಿ, ಬೇಸಿಗೆಯ ಪಿತೃಗಳ ಹಬ್ಬ ಓಬೋನ್‌ಗೆ ಒಂದು, ಹೊಸ ವರ್ಷಕ್ಕೆ ಒಂದು. ನಮ್ಮಲ್ಲಿ ಯುಗಾದಿಗೆ ಹೋಳಿಗೆ ಆಗುವಂತೆ. ಶೋಚಿಕು ಸಂಸ್ಥೆ ವರ್ಷಗಟ್ಟಲೆ ಆ ಒಂದು ಸರಣಿಯ ಮೇಲೆ ಒರಗಿ ಬದುಕಿತು. 1996ರ ಆಗಸ್ಟ್‌ನಲ್ಲಿ ಅತ್ಸುಮಿ ತೀರಿಕೊಂಡರು, ಸರಣಿಯೂ ಅಲ್ಲಿಗೇ ನಿಂತಿತು. ಬೇರೆ ನಟನನ್ನು ಆ ಪಾತ್ರಕ್ಕೆ ಹಾಕುವ ಯೋಚನೆಯನ್ನೇ ಮಾಡಲಿಲ್ಲ. ಹೊಸ ಚಿತ್ರದಲ್ಲಿ ಹೊಸದಾಗಿ ಬರುತ್ತಿದ್ದದ್ದು ಒಬ್ಬ ನಾಯಕಿ ಮತ್ತು ಒಂದು ಊರು. ಹತ್ತೊಂಬತ್ತು ತಾರೆಯರು ಬೇಕಾಗಲಿಲ್ಲ.

ಎರಡು ಕ್ಲೈಮ್ಯಾಕ್ಸ್ ಕೂಡ ಹೊಸದೇನಲ್ಲ. 1985ರಲ್ಲಿ ಅಮೆರಿಕದ ‘ಕ್ಲೂ’ ಎಂಬ ಹಾಸ್ಯ-ಕೊಲೆ ಚಿತ್ರ ಮೂರು ಅಂತ್ಯಗಳೊಂದಿಗೆ ಬಂತು, ಒಂದೊಂದು ಚಿತ್ರಮಂದಿರದಲ್ಲಿ ಒಂದೊಂದು, ಪತ್ರಿಕೆಯ ಜಾಹೀರಾತಿನಲ್ಲಿ ಎ, ಬಿ, ಸಿ ಎಂದು ಗುರುತು. ಜನ ಮೂರು ಸಲ ಬರುವುದಿರಲಿ, ಯಾವುದನ್ನು ನೋಡಬೇಕೆಂದು ತಿಳಿಯದೆ ಒಮ್ಮೆ ಬರುವುದಕ್ಕೂ ಹಿಂದೆಮುಂದೆ ನೋಡಿದರು. ಹಾಕಿದ 1.5 ಕೋಟಿ ಡಾಲರೂ ಅಲ್ಲಿನ ಗಲ್ಲಾಪೆಟ್ಟಿಗೆಯಲ್ಲಿ ಹುಟ್ಟಲಿಲ್ಲ. ಆಮೇಲೆ ವಿಡಿಯೊದಲ್ಲಿ ಮೂರೂ ಅಂತ್ಯಗಳನ್ನು ಸಾಲಾಗಿ ಜೋಡಿಸಿದ ಮೇಲೆ ಅದು ಜನಪ್ರಿಯವಾಯಿತು. ಹೌಸ್‌ಫುಲ್‌ಗೆ ಅಷ್ಟು ಪೆಟ್ಟು ಬೀಳಲಿಲ್ಲ, ಯಾಕೆಂದರೆ ಆ ಮಾಲ್‌ನ ಯಜಮಾನರಂತೆ ಹೆಚ್ಚಿನವರು ಎ-ಬಿ ಎಂದು ತಲೆ ಕೆಡಿಸಿಕೊಳ್ಳಲೇ ಇಲ್ಲ. ಆದರೆ ಅದೇ ಕಾರಣಕ್ಕೆ ಎರಡನೇ ಟಿಕೆಟ್ಟೂ ಹೆಚ್ಚು ಹುಟ್ಟಿದಂತೆ ಕಾಣುವುದಿಲ್ಲ; ಹುಟ್ಟಿದ್ದರೆ ಎರಡನೇ ವಾರದ ಅಂಕಿ ಹಳೆಯ ಭಾಗಗಳಿಗಿಂತ ಗಟ್ಟಿಯಾಗಿ ನಿಲ್ಲಬೇಕಿತ್ತು.

ಬೆಂಗಳೂರಿನ ಮಟ್ಟಿಗೆ ಆ ವಾರ ಸ್ವಲ್ಪ ವಿಚಿತ್ರವಾಗಿತ್ತು. ಜೂನ್ 4ರ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದ ನೋವು ಊರಿನ ಮೇಲಿತ್ತು. ಕನ್ನಡದ ಬಗೆಗಿನ ಮಾತಿನ ವಿವಾದದಿಂದಾಗಿ ಕಮಲ್ ಹಾಸನ್ ಅವರ ‘ಥಗ್ ಲೈಫ್’ ಜೂನ್ 5ಕ್ಕೆ ಬೇರೆ ಕಡೆ ಬಿಡುಗಡೆಯಾದರೂ ಕರ್ನಾಟಕಕ್ಕೆ ಬರಲಿಲ್ಲ. ಹಿಂದಿಯ ದೊಡ್ಡ ಚಿತ್ರಕ್ಕೆ ಇಲ್ಲಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಎದುರಾಳಿಯೇ ಇರಲಿಲ್ಲ ಎನ್ನಬೇಕು. ಆ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟ್ ತಡೆ ಕೊಟ್ಟಿತು. ಆ ಮಿತಿ ಜೂನ್‌ನಲ್ಲೇ ಇದ್ದಿದ್ದರೆ ನನ್ನ ಮುಂದೆ ನಿಂತ ಕುಟುಂಬಕ್ಕೆ ಉಳಿತಾಯವಾಗುತ್ತಿತ್ತು. ಮೊದಲ ವಾರಾಂತ್ಯದ ಏರಿಸಿದ ದರವನ್ನೇ ನಂಬಿದ ಇಂಥ ಚಿತ್ರಗಳಿಗೆ ನೇರ ಪೆಟ್ಟು ಬೀಳುತ್ತಿತ್ತು.

ಸರಿಯಾಗಿ ಏಳು ವಾರದ ನಂತರ, ಜುಲೈ 25ಕ್ಕೆ, ಕನ್ನಡದಲ್ಲಿ ‘ಸು ಫ್ರಮ್ ಸೋ’ ಬಂತು. ಜೆ.ಪಿ. ತುಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರು, ಕರಾವಳಿಯ ಒಂದು ಊರು, ದೆವ್ವ ಹಿಡಿದಿದೆಯೆಂಬ ಗುಲ್ಲು. ಪೋಸ್ಟರಿನಲ್ಲಿ ತಾರೆ ಎನ್ನಬಹುದಾದವರು ಬೆರಳೆಣಿಕೆಗೂ ಇರಲಿಲ್ಲ. ಮೊದಲ ದಿನದ ಗಳಿಕೆ ಒಂದು ಕೋಟಿಗೂ ಕಡಿಮೆ. ಮರುದಿನ ಅದರ ಎರಡು ಪಟ್ಟಿಗೂ ಮೀರಿ, ಭಾನುವಾರ ಇನ್ನೂ ಮೇಲೆ, ಸೋಮವಾರವೂ ಬೀಳದೆ ನಿಂತಿತು. ಕೊನೆಗೆ ವಿಶ್ವಾದ್ಯಂತ ನೂರು ಕೋಟಿ ದಾಟಿತು. ಏಳೂವರೆ ಪಟ್ಟಿನ ನಿಯಮವನ್ನು ಅದಕ್ಕೆ ಹಚ್ಚಿದ್ದರೆ ಅದರ ಆಯಸ್ಸು ಆರೇಳು ಕೋಟಿಗೆ ಮುಗಿಯಬೇಕಿತ್ತು! ‘ನೋಡಿದ್ಯಾ? ನೋಡು’ ಎಂದು ಒಬ್ಬರಿಗೊಬ್ಬರು ಹೇಳಿ ತುಂಬಿಸಿದ ಸಿನಿಮಾ ಅದು. ಹಾಗೆ ಹಬ್ಬುವ ಹಾಸ್ಯ ಒಂದು ಜಾತಿ, ಹೆಸರು ನೋಡಿ ಬರುವ ಹಾಸ್ಯ ಇನ್ನೊಂದು. ಮೊದಲನೆಯದನ್ನು ಯೋಜನೆ ಹಾಕಿ ತಯಾರಿಸಲು ಬರುವುದಿಲ್ಲವಾದ್ದರಿಂದಲೇ ಬಂಡವಾಳ ಎರಡನೆಯದರ ಹಿಂದೆ ಓಡುತ್ತದೆ.

ಅಂದಹಾಗೆ, ಕನ್ನಡದಲ್ಲೂ ಹಾಸ್ಯ ಸರಣಿ ಇಲ್ಲದೆ ಇರಲಿಲ್ಲ. ಫಣಿ ರಾಮಚಂದ್ರ ಮತ್ತು ಅನಂತ್ ನಾಗ್ ಜೋಡಿಯ ‘ಗಣೇಶನ ಮದುವೆ’ 1990ರಲ್ಲಿ, ‘ಗೌರಿ ಗಣೇಶ’ 1991ರಲ್ಲಿ, ‘ಗಣೇಶ ಸುಬ್ರಮಣ್ಯ’ 1992ರಲ್ಲಿ. ವರ್ಷಕ್ಕೊಂದರಂತೆ, ಕಥೆಗೆ ಕಥೆ ಸಂಬಂಧವಿಲ್ಲದೆ, ವಠಾರದಂಥ ಜಾಗಗಳಲ್ಲಿ, ಕಡಿಮೆ ಖರ್ಚಿನಲ್ಲಿ. ಹಡಗಿಲ್ಲ, ಲಂಡನ್ನಿಲ್ಲ. ಆ ನಗು ಈಗಲೂ ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸಲು ಮನಸ್ಸಾಗುವುದಿಲ್ಲ. ಅದನ್ನು ಸರಣಿ ಎಂದು ಮಾರುವ ಬುದ್ಧಿ ಆಗಿನವರಿಗೆ ಅಷ್ಟಾಗಿ ಇರಲಿಲ್ಲ ಎಂದಷ್ಟೇ ಹೇಳಬಹುದು.

ಹೌಸ್‌ಫುಲ್ ಆರನೆಯದು ಬಂದೇ ಬರುತ್ತದೆ ಎಂಬುದು ನನ್ನ ಎಣಿಕೆ. ಒಂದೇ ದಿನದಲ್ಲಿ 24 ಕೋಟಿ ತರುವ ಹೆಸರನ್ನು ಯಾರೂ ಅಟ್ಟದ ಮೇಲೆ ಹಾಕಿ ಕೂರುವುದಿಲ್ಲ. ಬಂದ ದಿನ ಪೋಸ್ಟರ್‌ಗಳಲ್ಲಿ ದೊಡ್ಡ ದೊಡ್ಡ ಅಂಕಿಗಳು ಹಾರಾಡುತ್ತವೆ. ಅವನ್ನು ಬದಿಗಿಟ್ಟು ಮೊದಲ ಶುಕ್ರವಾರದ ನೆಟ್ ಎಷ್ಟೆಂದು ನೋಡಿ, ಏಳೂವರೆಯಿಂದ ಗುಣಿಸಿ, ಬಂದದ್ದರಲ್ಲಿ ಅರ್ಧಕ್ಕಿಂತ ಚೂರು ಕಡಿಮೆ ತೆಗೆದಿಟ್ಟುಕೊಳ್ಳಿ. ಆಮೇಲೆ ಅದೇ ಪೋಸ್ಟರಿನಲ್ಲಿರುವ ತಲೆಗಳನ್ನು ಎಣಿಸಿ.